ಬ್ಯಾಕ್‌ಲೈಟ್‌ನ ರಿಪಲ್: ಡಿಮ್ಮಿಂಗ್ ಆವರ್ತನ ಏರಿಸಿದರೆ ಅದು ಇಳಿಯುತ್ತದೆಯೇ?

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಟಿವಿ ರಿಪೇರಿ ಅಂಗಡಿ ಇದೆ. ಎರಡು ವರ್ಷದಿಂದ ಬೆಣ್ಣೆ ದೋಸೆ ಹೋಟೆಲ್‌ಗಳಿಗೆ ಟೋಕನ್ ಸಂಖ್ಯೆ ತೋರಿಸುವ ಪರದೆಗಳನ್ನೂ ಮಾಡಿಕೊಡುತ್ತಿದ್ದೇನೆ; ಈವರೆಗೆ 11 ಕೂರಿಸಿದ್ದೇನೆ. 21.5 ಇಂಚಿನ ಎಲ್‌ಸಿಡಿ ಪ್ಯಾನೆಲ್, ಅದಕ್ಕೆ ಹಿಂದಿನಿಂದ ಬೆಳಕು ಕೊಡುವ ಬ್ಯಾಕ್‌ಲೈಟ್‌ನಲ್ಲಿ 4 ಎಲ್‌ಇಡಿ ಸಾಲು, ಸಾಲಿಗೆ 12 ಎಲ್‌ಇಡಿ, ಸಾಲಿಗೆ 100 ಮಿಲಿಆಂಪಿಯರ್ ಕರೆಂಟು. 12 ವೋಲ್ಟನ್ನು 38 ವೋಲ್ಟಿಗೆ ಏರಿಸುವ ಬೂಸ್ಟ್ ಡ್ರೈವರ್ ಐಸಿ 500 ಕಿಲೋಹರ್ಟ್ಸ್‌ನಲ್ಲಿ ಓಡುತ್ತದೆ. ಬೆಳಕು ತಗ್ಗಿಸಲು (ಡಿಮ್ಮಿಂಗ್‌ಗೆ) ಮೈಕ್ರೋಕಂಟ್ರೋಲರ್‌ನಿಂದ 240 ಹರ್ಟ್ಸ್ ಪಿಡಬ್ಲ್ಯೂಎಂ, ಅಂದರೆ ಎಲ್‌ಇಡಿಗಳನ್ನು ಬೇಗಬೇಗ ಹತ್ತಿಸಿ ಆರಿಸುವ ಸಂಕೇತ, ಕೊಡುತ್ತೇನೆ. ಹಗಲು ಪೂರ್ತಿ ಬೆಳಕಿದ್ದಾಗ ಏನೂ ತೊಂದರೆಯಿಲ್ಲ. ರಾತ್ರಿ ಬೆಳಕು ತಗ್ಗಿಸಿದ ಕೂಡಲೇ ಬೋರ್ಡಿನಿಂದ ಸಣ್ಣಗೆ ಕೀರಲು ಸದ್ದು. ಪರದೆಯ ಮೇಲೆ ನಾಲ್ಕು ಮಸುಕು ಅಡ್ಡಪಟ್ಟಿಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ, ಒಂದು ಪಟ್ಟಿ ಮೇಲೆ ತಲುಪಲು ಸುಮಾರು 10 ಸೆಕೆಂಡು. ಮೊಬೈಲ್ ಕ್ಯಾಮೆರಾದಲ್ಲಿ ಪಟ್ಟಿಗಳು ಇನ್ನೂ ಢಾಳಾಗಿ ಕಾಣುತ್ತವೆ. ಗಲ್ಲಾದಲ್ಲಿ ಕೂರುವವರು ಕಣ್ಣುರಿ ಎನ್ನುತ್ತಾರೆ. ಆಸಿಲೋಸ್ಕೋಪಿನಲ್ಲಿ ನೋಡಿದರೆ 38 ವೋಲ್ಟಿನ ಮೇಲೆ 1.2 ವೋಲ್ಟ್ ರಿಪಲ್ (ವೋಲ್ಟೇಜಿನ ಏರಿಳಿತದ ಅಲೆ) ಇದೆ. ಆವರ್ತನ ದುಪ್ಪಟ್ಟು ಮಾಡಿದೆ, ರಿಪಲ್ ಹಾಗೆಯೇ ಇದ್ದು ಸದ್ದು ಹೆಚ್ಚಾಯಿತು. ಪರಿಚಿತರೊಬ್ಬರ ಮಾತಿನಂತೆ 20 ಕಿಲೋಹರ್ಟ್ಸ್‌ಗೆ ಏರಿಸಿದೆ, ಸದ್ದು ಹೋಯಿತು. ಆದರೆ ಐಸಿ ಬಿಸಿಯಾಗುತ್ತದೆ, 10 ಶೇಕಡಾ ಬೆಳಕಿನ ಹತ್ತಿರ ಪರದೆಯ ಬೆಳಕು ತೂಗಾಡಿ ಆರಿಹೋಗುತ್ತದೆ. ಇನ್ನೊಬ್ಬರು ಹೇಳಿದಂತೆ 220 ಮೈಕ್ರೋಫ್ಯಾರಡ್ ಕೆಪಾಸಿಟರ್ ಸೇರಿಸಿದೆ, ಸದ್ದು ತಗ್ಗಿತು, ರಿಪಲ್ ಹೆಚ್ಚೇನೂ ಇಳಿಯಲಿಲ್ಲ. ಈ ರಿಪಲ್‌ನಿಂದ ಎಲ್‌ಇಡಿ ಸುಟ್ಟುಹೋಗುತ್ತದೆಯೇ? ಯಾವ ಆವರ್ತನ ಇಡಬೇಕು, ಒಂದೇ ಸಂಖ್ಯೆ ಹೇಳಿ.

ಉತ್ತರ: ಸಂಖ್ಯೆ ಬೇಕೆಂದರೆ ಕೊಡುತ್ತೇನೆ: ನಿಮ್ಮ ಈಗಿನ ಬೋರ್ಡಿಗೆ 210 ಹರ್ಟ್ಸ್. ಆದರೆ ಆ ಸಂಖ್ಯೆ ನಿಮ್ಮ ನಾಲ್ಕು ದೂರುಗಳಲ್ಲಿ ಒಂದನ್ನು ಮಾತ್ರ ಪರಿಹರಿಸುತ್ತದೆ. ಉಳಿದ ಮೂರಕ್ಕೆ ಮದ್ದು ಆವರ್ತನದಲ್ಲಿಲ್ಲ. ಚಿತ್ರದುರ್ಗದ ನನ್ನ ಕಾರ್ಯಾಗಾರಕ್ಕೆ ಇಂಥ ಬೋರ್ಡುಗಳು ಇಪ್ಪತ್ತು ವರ್ಷದಿಂದ ಬರುತ್ತಿವೆ. ತಂದವರಲ್ಲಿ ಹೆಚ್ಚಿನವರು ಮೊದಲು ಆವರ್ತನದ ಮೇಲೆ ಕೈಯಿಟ್ಟವರೇ, ಏಕೆಂದರೆ ಬದಲಿಸಲು ಅದು ಸುಲಭ, ಕೋಡಿನಲ್ಲಿ ಒಂದು ಸಾಲು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತಾಗಬಾರದು, ಹಾಗಾಗಿ ಮೊದಲು ಜ್ವರ ಯಾರಿಗೆ ಎಂದು ನೋಡೋಣ.

ನಿಮ್ಮ ಬೋರ್ಡಿನಲ್ಲಿ ಮೂರು ಬಗೆಯ ರಿಪಲ್ ಇರಬಹುದು. ಅಡಾಪ್ಟರ್‌ನಿಂದ ಬರುವುದು 100 ಹರ್ಟ್ಸ್‌ನದು, ನಮ್ಮ 50 ಹರ್ಟ್ಸ್ ಕರೆಂಟು ರೆಕ್ಟಿಫೈ ಆದ ಮೇಲೆ ಉಳಿಯುವ ಅಲೆ. ಬೂಸ್ಟ್ ಕನ್ವರ್ಟರ್‌ನ ಸ್ವಿಚಿಂಗ್‌ನಿಂದ ಬರುವುದು 500 ಕಿಲೋಹರ್ಟ್ಸ್‌ನದು. ಮೂರನೆಯದು, ಸಾಲುಗಳು ಹತ್ತಿ ಆರುವಾಗ ಹುಟ್ಟುವುದು, ಡಿಮ್ಮಿಂಗ್ ಆವರ್ತನದಲ್ಲಿ ಬರುತ್ತದೆ. ಪರೀಕ್ಷೆ ಸುಲಭ: ಬೆಳಕನ್ನು 100 ಶೇಕಡಾಕ್ಕೆ ಏರಿಸಿ. ಆಗ ಸಾಲುಗಳು ಆರುವುದೇ ಇಲ್ಲ. ಇನ್ನೂ ಉಳಿದ ರಿಪಲ್‌ಗೂ ಡಿಮ್ಮಿಂಗ್‌ಗೂ ಸಂಬಂಧವಿಲ್ಲ. ಹಗಲು ಪೂರ್ತಿ ಬೆಳಕಿನಲ್ಲಿ ತೊಂದರೆಯಿಲ್ಲ ಎಂದು ನೀವೇ ಬರೆದಿದ್ದೀರಿ, ಆದ್ದರಿಂದ ನಿಮ್ಮದು ಮೂರನೆಯ ಬಗೆ. ಒಂದು ಎಚ್ಚರಿಕೆ: ಅಳೆಯುವಾಗ ಪ್ರೋಬಿನ ಉದ್ದನೆಯ ನೆಲದ ತಂತಿಯನ್ನು ಬಳಸಬೇಡಿ. ಆ ತಂತಿಯ ಕುಣಿಕೆ ಪಕ್ಕದ ಇಂಡಕ್ಟರ್‌ನ (ಬೂಸ್ಟ್‌ನ ತಂತಿ ಸುರುಳಿಯ) ಗದ್ದಲವನ್ನೆಲ್ಲ ಹಿಡಿದು ಇಲ್ಲದ ಮುಳ್ಳುಗಳನ್ನು ತೋರಿಸುತ್ತದೆ. ಪ್ರೋಬಿನ ತುದಿಗೆ ಹಾಕುವ ಸಣ್ಣ ಸ್ಪ್ರಿಂಗ್ ಬಳಸಿ, ಕೆಪಾಸಿಟರ್‌ನ ಎರಡು ಕಾಲುಗಳಿಗೇ ತಾಗಿಸಿ.

ಈಗ 1.2 ವೋಲ್ಟ್ ಎಲ್ಲಿಂದ ಬಂತು ಎನ್ನುವುದು. ಮನೆಯ ಮೇಲೆ ಸಣ್ಣ ನೀರಿನ ಟ್ಯಾಂಕ್ ಇದೆ, ಕೆಳಗೆ ಪಂಪಿನ ಹತ್ತಿರ ಒಬ್ಬರು ನಿಂತು ಮಟ್ಟ ನೋಡಿ ಪಂಪನ್ನು ಹೆಚ್ಚು ಕಡಿಮೆ ಮಾಡುತ್ತಿದ್ದಾರೆ ಎಂದುಕೊಳ್ಳಿ. ನಾಲ್ಕು ನಲ್ಲಿಗಳು ಒಮ್ಮೆಲೇ ತೆರೆದವು. ಪಂಪಿನವರು ಗಮನಿಸಿ ನೀರು ಏರಿಸುವಷ್ಟರಲ್ಲಿ ಟ್ಯಾಂಕಿನ ಮಟ್ಟ ಕುಸಿದಿರುತ್ತದೆ. ನಲ್ಲಿಗಳು ನಿಮ್ಮ ನಾಲ್ಕು ಸಾಲುಗಳು, ಟ್ಯಾಂಕು ಔಟ್‌ಪುಟ್ ಕೆಪಾಸಿಟರ್, ಪಂಪಿನವರು ಐಸಿಯೊಳಗಿನ ನಿಯಂತ್ರಣ ಲೂಪ್. ನಾಲ್ಕು ಸಾಲು ಸೇರಿದರೆ 0.4 ಆಂಪಿಯರ್. ಬೂಸ್ಟ್ ಕನ್ವರ್ಟರ್‌ನ ಲೂಪನ್ನು ಬೇಕಾದಷ್ಟು ಚುರುಕು ಮಾಡಲು ಅದರ ಸ್ವಭಾವವೇ ಬಿಡುವುದಿಲ್ಲ. 22 ಮೈಕ್ರೋಹೆನ್ರಿ ಇಂಡಕ್ಟರ್ ಎಂದು ಹಿಡಿದು ಲೆಕ್ಕ ಹಾಕಿದರೆ ನಿಮ್ಮ ಲೂಪ್ ಸ್ಥಿರವಾಗಿ ಓಡಬಲ್ಲದ್ದು ಸುಮಾರು 13–14 ಕಿಲೋಹರ್ಟ್ಸ್‌ವರೆಗೆ, ಅಂದರೆ ಎಚ್ಚೆತ್ತು ಕೆಲಸಕ್ಕಿಳಿಯಲು ಅದಕ್ಕೆ 20–30 ಮೈಕ್ರೋಸೆಕೆಂಡು ಬೇಕು. ಕೆಪಾಸಿಟರ್? ಸಾಮಾನ್ಯವಾಗಿ ಇಂಥ ಬೋರ್ಡಿನಲ್ಲಿ 10 ಮೈಕ್ರೋಫ್ಯಾರಡ್ ಎಂದು ಗುರುತಿಸಿದ ಮೂರು ಸೆರಾಮಿಕ್‌ಗಳಿರುತ್ತವೆ, ಒಟ್ಟು 30 ಎಂದು ನಾವು ನಂಬುತ್ತೇವೆ. ಸೆರಾಮಿಕ್ ಕೆಪಾಸಿಟರ್ ತನ್ನ ಮೇಲೆ ವೋಲ್ಟೇಜ್ ಏರಿದಂತೆ ಧಾರಣೆ ಕಳೆದುಕೊಳ್ಳುತ್ತದೆ. 50 ವೋಲ್ಟಿನ ಸಣ್ಣ ಸೆರಾಮಿಕ್‌ನ ಮೇಲೆ 38 ವೋಲ್ಟ್ ಕೂತರೆ ಮೂರರಲ್ಲಿ ಒಂದು ಪಾಲು ಉಳಿದರೂ ಆಶ್ಚರ್ಯವಿಲ್ಲ. ಹಾಗೆ ನಿಜದಲ್ಲಿ 10 ಮೈಕ್ರೋಫ್ಯಾರಡ್ ಎಂದಿಟ್ಟುಕೊಳ್ಳಿ. 0.4 ಆಂಪಿಯರನ್ನು 30 ಮೈಕ್ರೋಸೆಕೆಂಡಿನಿಂದ ಗುಣಿಸಿ 10 ಮೈಕ್ರೋಫ್ಯಾರಡ್‌ನಿಂದ ಭಾಗಿಸಿ: 1.2 ವೋಲ್ಟ್. ನೀವು ಆಸಿಲೋಸ್ಕೋಪಿನಲ್ಲಿ ಕಂಡದ್ದು ಇದನ್ನೇ.

ಈ ಲೆಕ್ಕದಲ್ಲಿ ಡಿಮ್ಮಿಂಗ್ ಆವರ್ತನ ಎಲ್ಲಿದೆ? ಎಲ್ಲೂ ಇಲ್ಲ. ಆವರ್ತನ ಏರಿಸಿದರೆ ರಿಪಲ್ ಇಳಿಯುತ್ತದೆ ಎಂಬ ಮಾತನ್ನು ನಾನು ದಿನವೂ ಕೇಳುತ್ತೇನೆ. ಸ್ವಿಚಿಂಗ್ ಆವರ್ತನದ ಬಗ್ಗೆ ಅದು ನಿಜ, ಡಿಮ್ಮಿಂಗ್‌ಗೆ ಅದನ್ನು ಹಾಗೆಯೇ ಎತ್ತಿ ಅಂಟಿಸಲಾಗದು. ನಲ್ಲಿಗಳನ್ನು ಸೆಕೆಂಡಿಗೆ 240 ಬಾರಿ ತೆರೆದರೂ 480 ಬಾರಿ ತೆರೆದರೂ ಪ್ರತಿ ಸಲದ ಕುಸಿತ ಅಷ್ಟೇ. ಎರಡು ಪಟ್ಟು ಹೆಚ್ಚು ಸಲ ಕುಸಿಯುತ್ತದೆ, ಅಷ್ಟೇ ವ್ಯತ್ಯಾಸ. ನೀವು ದುಪ್ಪಟ್ಟು ಮಾಡಿದಾಗ ಆದದ್ದೂ ಅದೇ. ಆವರ್ತನದ ಒಂದು ಸುತ್ತೇ ಲೂಪಿನ ಪ್ರತಿಕ್ರಿಯೆಯ ಕಾಲಕ್ಕೆ ಸಮೀಪ ಬಂದಾಗ ಮಾತ್ರ, ಅಂದರೆ ಹತ್ತಾರು ಕಿಲೋಹರ್ಟ್ಸ್‌ನಲ್ಲಿ, ಕುಸಿತ ಪೂರ್ತಿಯಾಗುವ ಮೊದಲೇ ನಲ್ಲಿ ಮುಚ್ಚಿ ರಿಪಲ್ ನಿಜವಾಗಿ ಇಳಿಯುತ್ತದೆ.

ಕೆಪಾಸಿಟರ್ ಸೇರಿಸಿದ್ದೂ ಏಕೆ ಫಲಿಸಲಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಅನುಭವಿಗಳೂ ಇಲ್ಲಿ ಎಡವುತ್ತಾರೆ. 10 ಇದ್ದದ್ದನ್ನು 230 ಮಾಡಿದಿರಿ, 23 ಪಟ್ಟು. ಆದರೆ ಲೂಪಿನ ವೇಗ ಆ ಕೆಪಾಸಿಟರ್‌ನ ಮೇಲೆಯೇ ನಿಂತಿದೆ. ಲೂಪಿನ ವೇಗ ಹೊಂದಿಸುವ, ಐಸಿಯ ಕಾಂಪೆನ್ಸೇಷನ್ ಪಿನ್ನಿನಲ್ಲಿರುವ ರೆಸಿಸ್ಟರ್ ಮತ್ತು ಕೆಪಾಸಿಟರನ್ನು ಬದಲಿಸದೆ ಔಟ್‌ಪುಟ್ ಕೆಪಾಸಿಟರ್ ಮಾತ್ರ ಹಿಗ್ಗಿಸಿದರೆ ಲೂಪ್ ಅಷ್ಟೇ ಪಟ್ಟು ನಿಧಾನವಾಗುತ್ತದೆ. 30 ಮೈಕ್ರೋಸೆಕೆಂಡಿನಲ್ಲಿ ಎಚ್ಚರಾಗುತ್ತಿದ್ದದ್ದು 700ಕ್ಕೆ ಎಚ್ಚರಾಗುತ್ತದೆ. ಟ್ಯಾಂಕು ದೊಡ್ಡದಾಯಿತು, ಪಂಪಿನವರೂ ಅಷ್ಟೇ ಮಂದವಾದರು. ಸಾಲುಗಳು ಅದಕ್ಕಿಂತ ಹೆಚ್ಚು ಹೊತ್ತು ಹತ್ತಿರುವಾಗೆಲ್ಲ ಕುಸಿತದ ಆಳ ಬಹುತೇಕ ಮೊದಲಿನಷ್ಟೇ. ಸದ್ದು ತಗ್ಗಿದ್ದೇಕೆಂದರೆ ಕುಸಿತ ಈಗ ಕಡಿದಾಗಿಲ್ಲ, ಇಳಿಜಾರಾಗಿದೆ; ಕಿವಿಗೆ ಚುಚ್ಚುವ ಮೇಲಿನ ಸ್ವರಗಳು ಅದರಲ್ಲಿ ಕಡಿಮೆ. ನಿಧಾನವಾದ ಲೂಪ್ ಸ್ಥಿರವೇ ಎಂಬ ಪ್ರಶ್ನೆಯನ್ನು ಮಾತ್ರ ನೀವು ಹೊಸದಾಗಿ ಮೈಮೇಲೆ ಎಳೆದುಕೊಂಡಿದ್ದೀರಿ. ಆ ಕೆಪಾಸಿಟರನ್ನು ಔಟ್‌ಪುಟ್‌ನಿಂದ ತೆಗೆದುಬಿಡಿ. ಅದಕ್ಕೆ ಬೇರೆ ಒಳ್ಳೆಯ ಜಾಗವಿದೆ, ಮುಂದೆ ಹೇಳುತ್ತೇನೆ.

20 ಕಿಲೋಹರ್ಟ್ಸ್‌ನಲ್ಲಿ ಆದದ್ದೇನು? ಒಂದು ಸುತ್ತಿಗೆ 50 ಮೈಕ್ರೋಸೆಕೆಂಡು. 10 ಶೇಕಡಾ ಬೆಳಕು ಎಂದರೆ ಸಾಲು ಹತ್ತಿರುವುದು 5 ಮೈಕ್ರೋಸೆಕೆಂಡು. ನಿಮ್ಮ ಬೂಸ್ಟ್‌ನ ಒಂದು ಸ್ವಿಚಿಂಗ್ ಸುತ್ತಿಗೆ 2 ಮೈಕ್ರೋಸೆಕೆಂಡು ಬೇಕು. ನೀವು ವಿವರಿಸಿದ ಲಕ್ಷಣ ನೋಡಿದರೆ ನಿಮ್ಮ ಐಸಿ ಪಿಡಬ್ಲ್ಯೂಎಂ ಇಳಿದಾಗ ಸಾಲುಗಳ ಜೊತೆಗೆ ಬೂಸ್ಟನ್ನೂ ನಿಲ್ಲಿಸುವ ಜಾತಿಯದು. ಎರಡೂವರೆ ಸುತ್ತಿನಲ್ಲಿ ಅದು ಇಂಡಕ್ಟರ್‌ಗೆ ಶಕ್ತಿ ತುಂಬಿ ಔಟ್‌ಪುಟ್‌ಗೆ ಸುರಿಯಬೇಕು. ಆಗುವುದಿಲ್ಲ. ವೋಲ್ಟೇಜ್ ಇಳಿಯುತ್ತಾ ಹೋಗುತ್ತದೆ, ಐಸಿ ಎಲ್‌ಇಡಿ ಸಾಲುಗಳಿಗೆ ವೋಲ್ಟೇಜ್ ಸಾಕಾಗುತ್ತಿಲ್ಲವೆಂದು ತಿಳಿದು ಗುರಿ ಏರಿಸುತ್ತದೆ, ಮತ್ತೆ ತಪ್ಪುತ್ತದೆ. ನೀವು ಕಂಡ ತೂಗಾಟ ಅದು. ಬಿಸಿಯ ಕಾರಣವೂ ಇದರಲ್ಲೇ ಇದೆ. 38 ವೋಲ್ಟ್ ಸಾಕಿರುವ ಕಡೆ ಐಸಿ 41ಕ್ಕೆ ಏರಿಸಿಕೊಂಡರೆ ಹೆಚ್ಚಿನ 3 ವೋಲ್ಟ್ ಐಸಿಯೊಳಗಿನ ಕರೆಂಟ್ ನಿಯಂತ್ರಕಗಳ ಮೇಲೆಯೇ ಬೀಳಬೇಕು. ಅರ್ಧ ಬೆಳಕಿನಲ್ಲಿ ಅದು 0.6 ವಾಟ್. ಚಿಕ್ಕ ಐಸಿಗೆ ಇದು ಸಣ್ಣ ಶಾಖವಲ್ಲ, ಅದೂ ದೋಸೆ ಕಾವಲಿಯ ಹತ್ತಿರ ತೂಗುವ ಪೆಟ್ಟಿಗೆಯೊಳಗೆ.

ನಾಲ್ಕು ಪಟ್ಟಿಗಳ ಗುಟ್ಟು

ನೀವು ಪಟ್ಟಿಗಳನ್ನು ಎಣಿಸಿ, ಏರುವ ಹೊತ್ತನ್ನೂ ನೋಡಿ ಬರೆದದ್ದರಿಂದ ನನ್ನ ಕೆಲಸ ಅರ್ಧ ಮುಗಿಯಿತು. ಇಷ್ಟು ಚೆನ್ನಾಗಿ ಗಮನಿಸಿ ಬರೆಯುವವರು ಅಪರೂಪ.

ಎಲ್‌ಸಿಡಿ ಪ್ಯಾನೆಲ್ ಸೆಕೆಂಡಿಗೆ ಸುಮಾರು 60 ಬಾರಿ ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಚಿತ್ರ ಬರೆಯುತ್ತದೆ. ಚಿತ್ರದ ಒಂದು ಸಾಲನ್ನು ಬರೆಯುವ ಗಳಿಗೆಯಲ್ಲಿ ಬ್ಯಾಕ್‌ಲೈಟ್ ಹತ್ತಿತ್ತೋ ಆರಿತ್ತೋ ಎಂಬುದು ಆ ಸಾಲಿನ ಮೇಲೆ ತುಸು ಗುರುತು ಬಿಡುತ್ತದೆ: ಪ್ಯಾನೆಲ್‌ನ ಟ್ರಾನ್ಸಿಸ್ಟರ್‌ಗಳ ಮೇಲೆ ಬೆಳಕು ಬಿದ್ದಾಗ ಅವು ಕೊಂಚ ಸೋರುತ್ತವೆ, ಜೊತೆಗೆ ಬ್ಯಾಕ್‌ಲೈಟ್ ಹತ್ತಿದಾಗ 12 ವೋಲ್ಟಿನ ಸರಬರಾಜೂ ಸ್ವಲ್ಪ ಕುಗ್ಗುತ್ತದೆ. 60ರ ಪರದೆಯಲ್ಲಿ 240ರ ಬೆಳಕು ಎಂದರೆ ಒಂದು ಚಿತ್ರದ ಅವಧಿಯಲ್ಲಿ ನಾಲ್ಕು ಸಲ ಹತ್ತಿ ಆರುವುದು. ಅದಕ್ಕೇ ನಾಲ್ಕು ಪಟ್ಟಿ. ಎರಡೂ ತಾಳ ಕರಾರುವಾಕ್ಕಾಗಿ ಕೂಡಿದ್ದರೆ ಪಟ್ಟಿಗಳು ನಿಂತಲ್ಲೇ ನಿಲ್ಲುತ್ತಿದ್ದವು, ಕಣ್ಣಿಗೆ ಕಾಣುತ್ತಲೇ ಇರಲಿಲ್ಲ ಎನ್ನಬಹುದು. ನಿಮ್ಮವು ಮೇಲೇರುತ್ತಿವೆ. ಅಂದರೆ ನಿಮ್ಮ ಪಿಡಬ್ಲ್ಯೂಎಂ ಪರದೆಯ ಚಿತ್ರದ ಆವರ್ತನದ ನಾಲ್ಕರಷ್ಟಕ್ಕಿಂತ ಕೂದಲೆಳೆಯಷ್ಟು ವೇಗ. ಇಳಿಯುತ್ತಿದ್ದರೆ ನಿಧಾನ ಎಂದು ಅರ್ಥ. 10 ಸೆಕೆಂಡಿಗೆ ಒಂದು ಪಟ್ಟಿ ಪರದೆ ದಾಟುತ್ತದೆ ಎಂದರೆ ವ್ಯತ್ಯಾಸ 0.4 ಹರ್ಟ್ಸ್. ಹಾಗಾದರೆ ನಿಮ್ಮ ಪ್ಯಾನೆಲ್ ಓಡುತ್ತಿರುವುದು 60ರಲ್ಲಲ್ಲ, 59.9ರಲ್ಲಿ. ಆಸಿಲೋಸ್ಕೋಪಿನಲ್ಲಿ ಫ್ರೇಮ್ ಸಂಕೇತ (ಪ್ರತಿ ಚಿತ್ರ ಶುರುವಾಗುವಾಗ ಬರುವ ಸಂಕೇತ) ಅಳೆದು ನೋಡಿ.

60ರ ಗುಣಕ ಇಟ್ಟರೆ ಒಳ್ಳೆಯದು ಎಂಬ ಸಲಹೆ ಎರಡೂ ಗಡಿಯಾರಗಳು ಒಂದಕ್ಕೊಂದು ಕಟ್ಟಿಕೊಂಡಿದ್ದಾಗ ಮಾತ್ರ ಸರಿ, ಅಂದರೆ ಪ್ಯಾನೆಲ್‌ನ ಫ್ರೇಮ್ ಸಂಕೇತದಿಂದಲೇ ಪಿಡಬ್ಲ್ಯೂಎಂ ಪ್ರತಿ ಬಾರಿ ಹೊಸದಾಗಿ ಶುರುವಾಗುವಂತೆ ಮಾಡಿದ್ದಾಗ. ಬೇರೆ ಬೇರೆ ಗಡಿಯಾರಗಳಿದ್ದರೆ ಗುಣಕವೇ ಅತಿ ಕೆಟ್ಟ ಆಯ್ಕೆ, ಏಕೆಂದರೆ ಉಳಿಯುವ ಸಣ್ಣ ವ್ಯತ್ಯಾಸವೇ ಕಣ್ಣಿಗೆ ಕಾಣುವಷ್ಟು ನಿಧಾನದ ಪಟ್ಟಿಯಾಗಿ ತೆವಳುತ್ತದೆ. ಎರಡು ಗುಣಕಗಳ ನಟ್ಟ ನಡುವೆ ನಿಲ್ಲಿ: 180 ಮತ್ತು 240ರ ನಡುವೆ 210. ಆಗ ಒಂದು ಚಿತ್ರದಲ್ಲಿ ಮಸುಕಾದ ಜಾಗ ಮುಂದಿನ ಚಿತ್ರದಲ್ಲಿ ಬೆಳಕಾಗುತ್ತದೆ, ಒಂದು ಇನ್ನೊಂದನ್ನು ಅಳಿಸುತ್ತದೆ. ಪ್ಯಾನೆಲ್ 59.9 ಇದ್ದರೂ 60.1 ಇದ್ದರೂ ಚಿಂತೆಯಿಲ್ಲ. 210 ಎಂದದ್ದು ಇದಕ್ಕೇ.

ಇನ್ನು ಆ 220 ಮೈಕ್ರೋಫ್ಯಾರಡ್ ಕೆಪಾಸಿಟರ್. ಅದನ್ನು ಬೋರ್ಡಿನ 12 ವೋಲ್ಟ್ ಒಳಬರುವ ಕಡೆ, ಕನೆಕ್ಟರ್‌ನ ಪಕ್ಕದಲ್ಲೇ ಹಾಕಿ. ನಾಲ್ಕೂ ಸಾಲು ಹತ್ತಿದಾಗ ಬೋರ್ಡ್ ಸುಮಾರು 1.4 ಆಂಪಿಯರ್ ಎಳೆಯುತ್ತದೆ. ಅಡಾಪ್ಟರ್‌ನ ತೆಳು ತಂತಿಯಲ್ಲಿ 0.3 ಓಮ್ ರೋಧವಿದ್ದರೂ 0.4 ವೋಲ್ಟ್ ಅಲ್ಲೇ ಹೋಗುತ್ತದೆ, ಪ್ಯಾನೆಲ್‌ಗೂ ಅದೇ ತಂತಿಯಿಂದ ಕರೆಂಟು ಹೋಗುತ್ತಿರುತ್ತದೆ. ಒಳಬರುವ ಕಡೆಯ ದೊಡ್ಡ ಕೆಪಾಸಿಟರ್ ಈ ಕುಸಿತವನ್ನು ತಾನು ನುಂಗಿಕೊಳ್ಳುತ್ತದೆ, ಲೂಪನ್ನು ಮಂದ ಮಾಡುವುದಿಲ್ಲ. 105 ಡಿಗ್ರಿಯ ಕೆಪಾಸಿಟರ್ ಕೊಳ್ಳಿ. ಹತ್ತು ಡಿಗ್ರಿ ತಂಪಾದರೆ ಎಲೆಕ್ಟ್ರೊಲಿಟಿಕ್‌ನ ಆಯುಷ್ಯ ಸುಮಾರು ಎರಡು ಪಟ್ಟಾಗುತ್ತದೆ ಎಂಬುದು ನಮ್ಮ ಕಸುಬಿನ ಅಂದಾಜು. ಬೇಸಿಗೆಯಲ್ಲಿ ದಾವಣಗೆರೆಯ ಹೋಟೆಲಿನ ಅಡುಗೆ ಕಟ್ಟೆಯ ಬಳಿ ಪೆಟ್ಟಿಗೆಯೊಳಗೆ 65 ಡಿಗ್ರಿ ಎಂದಿಟ್ಟುಕೊಂಡರೆ, 105 ಡಿಗ್ರಿಯಲ್ಲಿ 2000 ಗಂಟೆಯ ಕೆಪಾಸಿಟರ್ 32,000 ಗಂಟೆ ಬಾಳುತ್ತದೆ. ದಿನಕ್ಕೆ 14 ಗಂಟೆ ಓಡಿದರೆ ಆರು ವರ್ಷಕ್ಕೆ ಮೇಲೆ. ಅದೇ 85 ಡಿಗ್ರಿಯದ್ದನ್ನು ಹಾಕಿದರೆ ಒಂದೂವರೆ ವರ್ಷ ದಾಟುವಷ್ಟರಲ್ಲಿ ನಿಮ್ಮ ಅಂಗಡಿಗೆ ವಾಪಸು ಬಂದಿರುತ್ತದೆ.

ಸದ್ದು

ಸದ್ದು ಮಾಡುತ್ತಿರುವುದು ಹೆಚ್ಚಾಗಿ ಆ ಸೆರಾಮಿಕ್ ಕೆಪಾಸಿಟರ್‌ಗಳೇ. ವೋಲ್ಟೇಜ್ ಏರಿಳಿದಂತೆ ಅವು ಸೂಕ್ಷ್ಮವಾಗಿ ಹಿಗ್ಗಿ ಕುಗ್ಗುತ್ತವೆ. ಬೆಸುಗೆ ಹಾಕಿದ ಬೋರ್ಡನ್ನು ಬಾಗಿಸುತ್ತವೆ. ಬೋರ್ಡು ತಮಟೆಯ ಚರ್ಮದಂತೆ ಸದ್ದು ಹೊರಡಿಸುತ್ತದೆ. ಒಣ ಬಿದಿರು ಕಡ್ಡಿಯಿಂದ ಒಂದೊಂದನ್ನೇ ಮೆತ್ತಗೆ ಒತ್ತಿ ನೋಡಿ, ಯಾವುದನ್ನು ಒತ್ತಿದಾಗ ಸ್ವರ ಬದಲಾಗುತ್ತದೋ ಅದೇ. ಬೆರಳು ಬೇಡ. ನಿಮ್ಮ ಬೋರ್ಡಿನಲ್ಲಿ 38 ವೋಲ್ಟ್ ಮಾತ್ರ ಇರಬಹುದು, ಆದರೆ ಟಿವಿ ಬೋರ್ಡಿನಲ್ಲೂ ಇದೇ ಪರೀಕ್ಷೆ ಮಾಡುತ್ತೀರಿ, ಅಲ್ಲಿ ಪವರ್ ಸಪ್ಲೈ ಕಡೆ 300 ವೋಲ್ಟಿಗೂ ಮೇಲೆ ಕಾಯುತ್ತಿರುತ್ತದೆ.

ಮನುಷ್ಯನ ಕಿವಿ ಅತಿ ಚುರುಕಾಗಿರುವುದು 2ರಿಂದ 5 ಕಿಲೋಹರ್ಟ್ಸ್ ನಡುವೆ. ಚಳ್ಳಕೆರೆಯ ಎಣ್ಣೆ ಗಿರಣಿಯೊಂದರ ತೂಕದ ಕೋಣೆಗೆ ಹಲವು ವರ್ಷಗಳ ಹಿಂದೆ ನಾನು ಒಂದು ಪರದೆ ಮಾಡಿಕೊಟ್ಟಿದ್ದೆ. ಮಿನುಗು ಕಾಣದಿರಲಿ ಎಂದು ಡಿಮ್ಮಿಂಗನ್ನು 2 ಕಿಲೋಹರ್ಟ್ಸ್‌ಗೆ ಇಟ್ಟಿದ್ದೆ. ಗಿರಣಿ ಓಡುವಾಗ ಏನೂ ಕೇಳಿಸಲಿಲ್ಲ. ಮಧ್ಯಾಹ್ನ ಊಟಕ್ಕೆ ಯಂತ್ರ ನಿಂತಾಗ ತೂಕದ ಗುಮಾಸ್ತರು ಪರದೆಯ ಹಿಂದೆ ಜೀರುಂಡೆ ಸೇರಿಕೊಂಡಿದೆಯೆಂದು ಹುಡುಕುತ್ತಿದ್ದರಂತೆ. ಅಂದಿನಿಂದ ರಿಪಲ್ ದೊಡ್ಡದಿರುವ ಬೋರ್ಡಿನಲ್ಲಿ 1ರಿಂದ 18 ಕಿಲೋಹರ್ಟ್ಸ್ ನಡುವಿನ ಜಾಗಕ್ಕೆ ನಾನು ಹೋಗುವುದಿಲ್ಲ. ಸದ್ದಿನ ನಿಜವಾದ ಮದ್ದು ಆ 1.2 ವೋಲ್ಟನ್ನೇ ಇಳಿಸುವುದು. ಲೆಕ್ಕದಲ್ಲಿ ಮೂರು ಅಂಶಗಳಿದ್ದವಲ್ಲ, ಕಾಲ, ಕೆಪಾಸಿಟರ್, ಕರೆಂಟು. ಮೊದಲ ಎರಡು ಒಂದಕ್ಕೊಂದು ಕಟ್ಟಿಕೊಂಡಿವೆ. ಎತ್ತು ಏರಿಗೆಳೆದರೆ ಕೋಣ ನೀರಿಗೆ ಎಳೆಯುತ್ತದೆ. ಕೈಗೆ ಸಿಗುವುದು ಮೂರನೆಯದು: ಒಮ್ಮೆಲೇ ಹತ್ತುವ ಕರೆಂಟು.

ಅದನ್ನು ಇಳಿಸಲು ಮೂರು ದಾರಿ, ಒಂದರ ಮೇಲೊಂದು ಸೇರಿಸಬಹುದು.

ತೀರಾ ಸುಲಭದ್ದು ಗರಿಷ್ಠ ಕರೆಂಟನ್ನೇ ತಗ್ಗಿಸುವುದು. ಹೋಟೆಲಿನೊಳಗೆ ಟೋಕನ್ ಸಂಖ್ಯೆ ಓದಲು ಸಾಲಿಗೆ 100 ಮಿಲಿಆಂಪಿಯರ್ ಬೇಕಿಲ್ಲ. ಹೆಚ್ಚಿನ ಐಸಿಗಳಲ್ಲಿ ಕರೆಂಟು ನಿರ್ಧರಿಸುವ ಒಂದು ರೆಸಿಸ್ಟರ್ ಇರುತ್ತದೆ, ರೋಧ ಏರಿದಂತೆ ಕರೆಂಟು ಇಳಿಯುತ್ತದೆ. 10 ಕಿಲೋಓಮ್ ಇದ್ದ ಕಡೆ 15 ಹಾಕಿದರೆ 67 ಮಿಲಿಆಂಪಿಯರ್. ಕುಸಿತ 1.2ರಿಂದ 0.8ಕ್ಕೆ ಬರುತ್ತದೆ, ಎಲ್‌ಇಡಿಗಳು ತಣ್ಣಗಿರುತ್ತವೆ, ರಾತ್ರಿ ತಗ್ಗಿಸಬೇಕಾದ ಪ್ರಮಾಣವೂ ಕಡಿಮೆ. ಬಾಗಿಲ ಬಳಿ ಬಿಸಿಲು ಬೀಳುವ ಕಡೆ ಕೂರಿಸಿದ ಪರದೆಗೆ ಮಾತ್ರ ಇದು ಆಗದು.

ಎರಡನೆಯದು ಸಾಲುಗಳನ್ನು ಸರದಿಯಲ್ಲಿ ಹೊತ್ತಿಸುವುದು. ನಾಲ್ಕೂ ಒಟ್ಟಿಗೆ ಹತ್ತುವ ಬದಲು ಸುತ್ತಿನ ಕಾಲು ಭಾಗದಷ್ಟು ಅಂತರ ಬಿಟ್ಟು ಒಂದರ ಹಿಂದೆ ಒಂದು ಹತ್ತುತ್ತವೆ. ನಾಲ್ಕು ನಲ್ಲಿಗಳನ್ನು ಒಂದೊಂದಾಗಿ ತೆರೆದಂತೆ; ಪ್ರತಿ ಹೆಜ್ಜೆ 0.4 ಆಂಪಿಯರ್ ಅಲ್ಲ, 0.1. ಕುಸಿತ 0.3 ವೋಲ್ಟ್. ಅರ್ಧ ಬೆಳಕಿನಲ್ಲಂತೂ ಯಾವಾಗಲೂ ಎರಡು ಸಾಲು ಹತ್ತಿರುವುದರಿಂದ ಬೂಸ್ಟ್‌ಗೆ ಭಾರ ಬದಲಾದದ್ದೇ ತಿಳಿಯುವುದಿಲ್ಲ. ಇದನ್ನು ಐಸಿಯೇ ಮಾಡಿಕೊಡಬೇಕು. ಡೇಟಾಶೀಟಿನಲ್ಲಿ (ಐಸಿ ತಯಾರಕರ ವಿವರಪತ್ರದಲ್ಲಿ) ಫೇಸ್ ಶಿಫ್ಟ್ ಎಂದು ಹುಡುಕಿ, ಕೆಲವದರಲ್ಲಿ ಒಂದು ಪಿನ್ನಿನ ಜೋಡಣೆಯಿಂದ ಅದು ಶುರುವಾಗುತ್ತದೆ. ಅಪಾಯ ಒಂದಿದೆ. ಬೂಸ್ಟ್ ಕಾಣುವ ಆವರ್ತನ ಈಗ ನಾಲ್ಕು ಪಟ್ಟು, 210 ಇದ್ದರೆ 840. ಅದು 60ರ 14 ಪಟ್ಟು, ಮತ್ತೆ ಗುಣಕದ ಬಲೆಗೇ ಬಿದ್ದಿರಿ. ಅಲೆ ಚಿಕ್ಕದಾದ್ದರಿಂದ ಸಾಮಾನ್ಯವಾಗಿ ಪಟ್ಟಿ ಕಾಣುವುದಿಲ್ಲ, ಕಂಡರೆ 217 ಇಟ್ಟು ನೋಡಿ.

ನಿಮ್ಮ ಕೆಲಸಕ್ಕೆ ನನ್ನ ಮನಸ್ಸು ಒಪ್ಪುವುದು ಮೂರನೆಯ ದಾರಿಯನ್ನು. ಬೆಳಕು ತಗ್ಗಿಸಲು ಹತ್ತಿ ಆರಿಸುವುದೊಂದೇ ಉಪಾಯವಲ್ಲ, ಕರೆಂಟನ್ನೇ ನಯವಾಗಿ ಇಳಿಸಬಹುದು. ಪೂರ್ತಿ ಬೆಳಕಿನಿಂದ ಕಾಲು ಭಾಗದವರೆಗೆ ಹಾಗೆ ಇಳಿಸಿ, ಅದರ ಕೆಳಗೆ ಮಾತ್ರ ಪಿಡಬ್ಲ್ಯೂಎಂ ಬಳಸಿ. ಐಸಿಗೆ ಅನಲಾಗ್ ಡಿಮ್ಮಿಂಗ್ ಪಿನ್ ಇದ್ದರೆ ಮೈಕ್ರೋಕಂಟ್ರೋಲರ್‌ನ ಇನ್ನೊಂದು ಪಿನ್ನಿನಿಂದ 20 ಕಿಲೋಹರ್ಟ್ಸ್ ಪಿಡಬ್ಲ್ಯೂಎಂ ತೆಗೆದು, 10 ಕಿಲೋಓಮ್ ಮತ್ತು 1 ಮೈಕ್ರೋಫ್ಯಾರಡ್‌ನಿಂದ ಸೋಸಿ ಅಲ್ಲಿಗೆ ಕೊಡಿ. ಪಿನ್ ಎಷ್ಟು ವೋಲ್ಟ್ ತಡೆಯುತ್ತದೆ ಎಂದು ಮೊದಲು ಡೇಟಾಶೀಟ್ ನೋಡಿ. ಲೆಕ್ಕ ನೋಡಿ: ಸಾಲಿಗೆ 67 ಮಿಲಿಆಂಪಿಯರ್ ಗರಿಷ್ಠ, ಅದರ ಕಾಲು ಭಾಗ 17. ನಾಲ್ಕೂ ಒಟ್ಟಿಗೆ ಹತ್ತಿದರೂ ಹೆಜ್ಜೆ 67 ಮಿಲಿಆಂಪಿಯರ್, ಕುಸಿತ 0.2 ವೋಲ್ಟ್. ನೀವು ಹೊರಟಿದ್ದ 1.2ರ ಆರರಲ್ಲಿ ಒಂದು ಪಾಲು, ಐಸಿ ಬದಲಿಸದೆ. ಬೆಳಕು ಕಾಲು ಭಾಗಕ್ಕಿಂತ ಮೇಲಿರುವಾಗ ಡಿಮ್ಮಿಂಗ್ ರಿಪಲ್ ಎಂಬುದೇ ಇಲ್ಲ.

ಇದಕ್ಕೂ ಬೆಲೆಯಿದೆ. ಕರೆಂಟು ಇಳಿದಾಗ ಬಿಳಿ ಎಲ್‌ಇಡಿಯ ಬಣ್ಣ ತುಸು ಸರಿಯುತ್ತದೆ, ಸಾಲುಗಳ ನಡುವಿನ ಸಮತೋಲವೂ ಸಡಿಲವಾಗುತ್ತದೆ. ಎಕ್ಸ್‌ರೇ ನೋಡುವ ಪರದೆಗೆ, ಸೀರೆಯ ಬಣ್ಣ ತೋರಿಸುವ ಅಂಗಡಿಯ ಪರದೆಗೆ ನಾನು ಇದನ್ನು ಹೇಳುವುದಿಲ್ಲ. ಕಪ್ಪಿನ ಮೇಲೆ ಹಳದಿಯಲ್ಲಿ 47 ಎಂದು ತೋರಿಸುವ ಟೋಕನ್ ಪರದೆಯಲ್ಲಿ ಈ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು.

ಕಣ್ಣು, ಕ್ಯಾಮೆರಾ, ಎಲ್‌ಇಡಿಯ ಆಯುಷ್ಯ

ಮೊಬೈಲಿನಲ್ಲಿ ಪಟ್ಟಿ ಕಂಡರೆ ಪರದೆ ಕೆಟ್ಟಿದೆ ಎಂದಲ್ಲ. ಮೊಬೈಲ್ ಕ್ಯಾಮೆರಾ ಚಿತ್ರವನ್ನು ಸಾಲು ಸಾಲಾಗಿ ಓದುತ್ತದೆ, ಓದುವ ನಡುವೆ ಬೆಳಕು ಆರಿದರೆ ಆ ಸಾಲುಗಳು ಕಪ್ಪಾಗುತ್ತವೆ. ಅದು ಕಣ್ಣಿನ ಅಳತೆಗೋಲು ಅಲ್ಲ.

ಆದರೆ ಗಲ್ಲಾದವರ ದೂರನ್ನು ನಾನು ತಳ್ಳಿಹಾಕುವುದಿಲ್ಲ. ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ ಎಂಜಿನಿಯರುಗಳ ಐಇಇಇ ಸಂಸ್ಥೆ 2015ರಲ್ಲಿ ಎಲ್‌ಇಡಿ ದೀಪಗಳ ಮಿನುಗಿನ ಬಗ್ಗೆ 1789 ಎಂಬ ಸಂಖ್ಯೆಯ ಶಿಫಾರಸು ಹೊರತಂದಿತು. 90ರಿಂದ 1250 ಹರ್ಟ್ಸ್ ನಡುವೆ ಅಪಾಯ ಕಡಿಮೆ ಎನ್ನಲು ಬೆಳಕಿನ ಏರಿಳಿತದ ಶೇಕಡಾ ಸಂಖ್ಯೆ ಆವರ್ತನವನ್ನು 0.08ರಿಂದ ಗುಣಿಸಿದಷ್ಟನ್ನು ದಾಟಬಾರದು ಎನ್ನುತ್ತದೆ ಅದು. 210 ಹರ್ಟ್ಸ್‌ಗೆ ಅದು 17 ಶೇಕಡಾದ ಹತ್ತಿರ. ಹತ್ತಿ ಆರುವ ಬೆಳಕಿನ ಏರಿಳಿತ 100 ಶೇಕಡಾ. ದೀಪಗಳಿಗೆಂದು ಮಾಡಿದ ಅಳತೆ ನಿಜ, ಪರದೆಗೆ ಹಾಗೆಯೇ ಅನ್ವಯಿಸದು. ಆದರೂ ದಿನಕ್ಕೆ ಎಂಟು ಗಂಟೆ ಮುಖದೆದುರು ಪರದೆ ಇಟ್ಟುಕೊಂಡು ಕೂರುವವರಿಗೆ ಇದರಿಂದ ತಲೆನೋವು ಬರುವುದು ಕಲ್ಪನೆಯಲ್ಲ. ಕೆಲವರ ಕಣ್ಣು ಇದಕ್ಕೆ ಹೆಚ್ಚು ಸೂಕ್ಷ್ಮ. ಮೂರನೆಯ ದಾರಿಯನ್ನು ನಾನು ಒತ್ತಿ ಹೇಳಲು ಇದೂ ಒಂದು ಕಾರಣ. ಅವರ ಪರದೆಯನ್ನು ಕಾಲು ಭಾಗಕ್ಕಿಂತ ಕೆಳಗೆ ಇಳಿಸದಂತೆ ಕೋಡಿನಲ್ಲೇ ತಡೆಯಿರಿ, ಬೆಳಕು ಎಂದೂ ಆರುವುದಿಲ್ಲ.

ಒಮ್ಮೆ ರಾತ್ರಿ ಹೋಟೆಲಿನ ದೀಪಗಳನ್ನೂ ಪರೀಕ್ಷಿಸಿ. ಪರದೆ ಆರಿಸಿ, ಗಲ್ಲಾದ ಮೇಲಿನ ಬಲ್ಬಿನ ಕೆಳಗೆ ಸ್ಟೀಲ್ ಸೌಟನ್ನು ಬೇಗಬೇಗ ಅತ್ತಿತ್ತ ಬೀಸಿ. ಹೊಳೆಯುವ ಅಂಚು ಒಂದೇ ಹರಿದ ಗೆರೆಯಾಗಿ ಕಾಣದೆ ತುಂಡು ತುಂಡಾಗಿ, ನಾಲ್ಕೈದು ಸೌಟುಗಳಂತೆ ಕಂಡರೆ ಆ ಬಲ್ಬು 100 ಹರ್ಟ್ಸ್‌ನಲ್ಲಿ ಮಿನುಗುತ್ತಿದೆ. ಅಗ್ಗದ ಬಲ್ಬುಗಳಲ್ಲಿ ಇದು ಸಾಮಾನ್ಯ. ಕಣ್ಣುರಿಗೆ ನಿಮ್ಮ ಪರದೆಯ ಜೊತೆ ಅದೂ ಹೊಣೆ ಹೊತ್ತಿರಬಹುದು.

ರಿಪಲ್‌ನಿಂದ ಎಲ್‌ಇಡಿ ಸುಡುತ್ತದೆಯೇ ಎಂದು ಕೇಳಿದ್ದೀರಿ. ನಿಮ್ಮ ಬೋರ್ಡಿನಲ್ಲಿ ಇಲ್ಲ. ಪ್ರತಿ ಸಾಲಿನ ಕೆಳಗೆ ಕರೆಂಟ್ ನಿಯಂತ್ರಕವಿದೆ, ಮೇಲಿನ ವೋಲ್ಟೇಜ್ ಕುಣಿದರೂ ಅದು ಕರೆಂಟನ್ನು ಹಿಡಿದಿಡುತ್ತದೆ. ಕುಸಿತದಿಂದ ಎಲ್‌ಇಡಿಗೆ ಕರೆಂಟು ಕಡಿಮೆಯಾಗಬಹುದೇ ಹೊರತು ಹೆಚ್ಚಾಗುವುದಿಲ್ಲ. ಖಚಿತವಾಗಬೇಕಿದ್ದರೆ ಒಂದು ಸಾಲಿಗೆ ಸರಣಿಯಲ್ಲಿ 1 ಓಮ್ ರೆಸಿಸ್ಟರ್ ಹಾಕಿ ಅದರ ಎರಡು ತುದಿಗಳ ನಡುವೆ ಅಲೆ ನೋಡಿ. ಪ್ರತಿ ಹೊಡೆತದ ಆರಂಭದಲ್ಲಿ 100 ಮಿಲಿವೋಲ್ಟಿಗಿಂತ ಮೇಲೆ ಚುಚ್ಚುವ ಮುಳ್ಳು ಕಂಡರೆ ಆಗ ಚಿಂತಿಸಿ. ಎಲ್‌ಇಡಿಯನ್ನು ಕೊಲ್ಲುವುದು ಶಾಖ, ಅದಕ್ಕೆ ಮದ್ದು ಆ 15 ಕಿಲೋಓಮ್ ರೆಸಿಸ್ಟರ್.

ಈಗಾಗಲೇ ಕೂರಿಸಿರುವ 11 ಪರದೆಗಳನ್ನು ಬಿಚ್ಚಿ ತರಬೇಕಿಲ್ಲ. ಲ್ಯಾಪ್‌ಟಾಪ್ ಒಯ್ದು ಅಲ್ಲೇ ಕೋಡ್ ಬದಲಿಸಿ 210 ಇಡಿ, ರೆಸಿಸ್ಟರ್ ಬದಲಿಸಿ, 12 ವೋಲ್ಟಿನ ಕಡೆ ಕೆಪಾಸಿಟರ್ ಹಾಕಿ. ಅರ್ಧ ಗಂಟೆಯ ಕೆಲಸ. ಅನಲಾಗ್ ಪಿನ್ನಿನ ಜೋಡಣೆಯನ್ನು ಮೊದಲು ಗಲ್ಲಾದವರು ದೂರಿದ ಒಂದೇ ಪರದೆಗೆ ಮಾಡಿ, ವಾರ ಓಡಿಸಿ, ಆಮೇಲೆ ಉಳಿದವಕ್ಕೆ. ಪೆಟ್ಟಿಗೆ ಮುಚ್ಚುವ ಮೊದಲು ಒಂದು ಕೆಲಸ ಮರೆಯಬೇಡಿ: ಹೋಟೆಲ್ ಬಾಗಿಲು ಹಾಕಿದ ಮೇಲೆ ಎಕ್ಸಾಸ್ಟ್ ಫ್ಯಾನ್ ಮತ್ತು ಫ್ರಿಜ್ ಆರಿಸಿ, ಬೆಳಕನ್ನು 20, 15, 10 ಶೇಕಡಾ ಎಂದು ಇಳಿಸುತ್ತಾ ಪರದೆಯ ಹಿಂಬದಿಗೆ ಕಿವಿಯಿಟ್ಟು ಕೇಳಿ. ಹಗಲು ಬಾಣಲೆ ಕಾವಲಿಗಳ ಸದ್ದಿನಲ್ಲಿ ಕೇಳಿಸದೆ ಹೋದದ್ದು ಆಗ ಕೇಳಿಸುತ್ತದೆ.